ನಾಯಿಗೆ ಕಲಿಸುವ ಹುರುಪು ನಾಲ್ಕೇ ದಿನಕ್ಕೆ ಇಳಿದುಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಲ್ಯಾಬ್ರಡಾರ್ ಗಂಡು ನಾಯಿ ಇದೆ, ಹೆಸರು ಕರಿಯ. ನಾನು ಇಲ್ಲಿನ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಮರಿಯನ್ನು ತಂದ ಹೊಸದರಲ್ಲಿ ದಿನಾಲೂ ಅರ್ಧ ಗಂಟೆ ಕಲಿಸಬೇಕೆಂದು ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಅಂಥ ಪಟ್ಟಿಯನ್ನು ಈವರೆಗೆ ಮೂರು ಸಲ ಬರೆದಿದ್ದೇನೆ, ಮೂರೂ ಸಲ ನಾಲ್ಕನೆಯ ದಿನಕ್ಕೆ ಕೈಬಿಟ್ಟಿದ್ದೇನೆ. ನಡುವೆ ಒಬ್ಬ ತರಬೇತುದಾರರನ್ನೂ ಗೊತ್ತುಮಾಡಿದ್ದೆ. ಅವರು ಎಲ್ಲವನ್ನೂ ಕೋಲು ತೋರಿಸಿಯೇ ಮಾಡಿಸುತ್ತಿದ್ದುದರಿಂದ, ಕೋಲಿಲ್ಲದ ನಮ್ಮ ಮಾತಿಗೆ ಕರಿಯ ಕಿವಿಗೊಡಲೇ ಇಲ್ಲ.

ಕಳೆದ ಸೋಮವಾರ ನಮ್ಮ ತಾಯಿಯವರು ಶರಣಬಸವೇಶ್ವರ ಗುಡಿಗೆ ಹೋಗಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಅವನು ಅಕ್ಕರೆಯಿಂದಲೇ ಅವರ ಮೇಲೆ ಹಾರಿದ. ಗೋಡೆ ಹಿಡಿದುಕೊಂಡದ್ದರಿಂದ ಅವರು ಬೀಳಲಿಲ್ಲ. ಆದರೆ ಕೈಯಲ್ಲಿದ್ದ ಕಾಯಿ, ಸಕ್ಕರೆ ಎಲ್ಲ ಅಂಗಳದಲ್ಲಿ ಚೆಲ್ಲಿತು, ಅದನ್ನು ಕರಿಯನೇ ನೆಕ್ಕಿ ಮುಗಿಸಿದ. ಹೇಗೆ ಕಲಿಸಬೇಕೆಂಬುದು ವಿಡಿಯೋ ನೋಡಿ ಗೊತ್ತಾಗಿದೆ. ಕಲಿಸುವ ಮನಸ್ಸನ್ನು ಉಳಿಸಿಕೊಳ್ಳುವುದು ಹೇಗೆಂಬುದೇ ತಿಳಿಯುತ್ತಿಲ್ಲ.

ಉತ್ತರ 1 (ಬೀದರಿನಿಂದ)

ಸರ್, ನಾನು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿರುವ ವಿದ್ಯಾರ್ಥಿನಿ. ತಾವು ಬರೆದುದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ನಾಲ್ಕನೆಯ ದಿನ. ಹಾರಿದಾಗಲೆಲ್ಲ ಮನೆಯವರು ಬೈದೋ ತಳ್ಳಿಯೋ ತನ್ನತ್ತ ಗಮನ ಕೊಡುತ್ತಿದ್ದರೆ ನಾಯಿಗೆ ಅದೇ ಬಹುಮಾನ. ಆ ಗಮನವನ್ನು ಒಮ್ಮೆಲೇ ನಿಲ್ಲಿಸಿದರೆ ಅದರ ಹಾರಾಟ ಕಡಿಮೆಯಾಗುವ ಮುನ್ನ ಕೆಲವು ದಿನ ಹೆಚ್ಚುವುದುಂಟು, ಏಕೆಂದರೆ ಇಷ್ಟು ದಿನ ಫಲ ಕೊಟ್ಟ ಉಪಾಯವನ್ನು ಅದು ಇನ್ನಷ್ಟು ಜೋರಾಗಿ ಮಾಡಿ ನೋಡುತ್ತದೆ. ಬಹುಶಃ ಅದೇ ಹೊತ್ತಿನಲ್ಲಿ ತಾವು ಸೋತೆನೆಂದು ತಿಳಿದು ಪಟ್ಟಿ ಹರಿದಿರಬಹುದು. ಸೋಮವಾರದ ಘಟನೆಯನ್ನೇ ನೋಡಿ: ಕರಿಯ ಹಾರಿದ, ಕಾಯಿ ಸಕ್ಕರೆ ಸಿಕ್ಕಿತು. ಅವನ ಮಟ್ಟಿಗೆ ಪಾಠ ಚೆನ್ನಾಗಿಯೇ ನಡೆಯಿತು, ಕಲಿಸಿದವರು ಮಾತ್ರ ತಾವಲ್ಲ.

ಅರ್ಧ ಗಂಟೆಯ ಪಟ್ಟಿಯನ್ನು ದಯವಿಟ್ಟು ಬಿಟ್ಟುಬಿಡಿ. ದಣಿದು ಬಂದ ಮನುಷ್ಯನಿಗೆ ಅದು ಭಾರ, ನಾಯಿಯ ಗಮನವೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಹೇಗೂ ದಿನಕ್ಕೆ ಎರಡು ಹೊತ್ತು ಅವನಿಗೆ ಊಟ ಹಾಕುತ್ತೀರಲ್ಲ, ಪಾಠವನ್ನು ಆ ತಟ್ಟೆಗೇ ಕಟ್ಟಿರಿ. ತಟ್ಟೆಯನ್ನು ಎದೆಯ ಮಟ್ಟದಲ್ಲಿ ಹಿಡಿದು ಸುಮ್ಮನೆ ನಿಲ್ಲಿರಿ. ಅವನು ಹಾರಿದರೆ ಬೆನ್ನು ತಿರುಗಿಸಿ. ಹಿಂಗಾಲು ನೆಲಕ್ಕೆ ಊರಿ ಕುಳಿತ ಕೂಡಲೇ, ಅಂದರೆ ಒಂದೆರಡು ಸೆಕೆಂಡಿನೊಳಗೆ, ‘ಶಾಬಾಸ್’ ಎಂದು ತಟ್ಟೆಯನ್ನು ಕೆಳಗಿಡಿ. ತಡವಾದರೆ ಯಾವುದಕ್ಕೆ ಬಹುಮಾನ ಸಿಕ್ಕಿತೆಂಬುದು ಅವನಿಗೆ ತಿಳಿಯುವುದಿಲ್ಲ. ಇದಕ್ಕೆ ಬೇರೆ ವೇಳೆಯೂ ಬೇಡ, ವಿಶೇಷ ಹುಮ್ಮಸ್ಸೂ ಬೇಡ. ಲ್ಯಾಬ್ರಡಾರಿಗೆ ಊಟದ ಮುಂದೆ ಬೇರೆ ಯಾವುದೂ ದೊಡ್ಡದಲ್ಲ, ಅದು ತಮ್ಮ ಅದೃಷ್ಟ.

ಹಗಲಲ್ಲಿ ಮನೆಯವರು ಬಹುಮಾನವಾಗಿ ಜೋಳದ ರೊಟ್ಟಿಯ ಚೂರು ಕೊಡಬಹುದು, ಕಡಲೆಕಾಳಿನ ಗಾತ್ರದ್ದು ಸಾಕು. ಅಷ್ಟನ್ನು ಅವನ ಊಟದಲ್ಲಿ ಕಡಿಮೆ ಮಾಡಿ. ಶೇಂಗಾ ಹಿಂಡಿ ಸವರಿದ ರೊಟ್ಟಿ ಮಾತ್ರ ಬೇಡ, ಏಕೆಂದರೆ ಅದರಲ್ಲಿರುವ ಬೆಳ್ಳುಳ್ಳಿ ನಾಯಿಗೆ ವಿಷ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳೂ ಹಾಗೆಯೇ.

ಉತ್ತರ 2 (ಯಾದಗಿರಿಯಿಂದ)

ತಂಗಿಯವರ ಮಾತು ಸರಿ, ಆದರೆ ಒಂದನ್ನು ಸೇರಿಸಬೇಕು. ನಾನು ನಿವೃತ್ತ ಶಿಕ್ಷಕ, ಮುಧೋಳ ನಾಯಿಯನ್ನು ಸಾಕಿದ್ದೇನೆ. ಅದು ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟುವ ತಳಿ. ರೊಟ್ಟಿ ತೋರಿಸಿದರೆ ನನ್ನ ಮುಖ ನೋಡಿ ಅತ್ತ ತಿರುಗುತ್ತಿತ್ತು. ತಿಂಗಳುಗಟ್ಟಲೆ ಬೇಸರಪಟ್ಟ ಮೇಲೆ ಹಗ್ಗದ ತುದಿಗೆ ಹಳೆಯ ಟವೆಲ್ಲಿನ ತುಂಡು ಕಟ್ಟಿ ನೆಲದ ಮೇಲೆ ಎಳೆದೆ, ಕರೆದಾಗ ಬಂದರೆ ಅದನ್ನು ಅಟ್ಟಲು ಬಿಟ್ಟೆ. ಎರಡು ವಾರದಲ್ಲಿ ಕರೆದರೆ ಬರತೊಡಗಿತು. ಅದು ಓಡಿ ಬರುವುದನ್ನು ಕಂಡ ದಿನದಿಂದ ನನಗೆ ಬೇಸರವೆಂಬುದೇ ಬರಲಿಲ್ಲ. ಹುರುಪು ಮೊದಲು ಬಂದು ಪಾಠ ಆಮೇಲೆ ನಡೆಯುತ್ತದೆಂದು ನೀವು ಕಾಯುತ್ತಿದ್ದೀರಿ; ನನ್ನ ಅನುಭವದಲ್ಲಿ ನಾಯಿ ಒಂದು ಸಣ್ಣ ವಿದ್ಯೆ ಕಲಿತ ಮೇಲೆಯೇ ಹುರುಪು ಬಂದದ್ದು.

ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿ ಕರಿಯನಿಗೆ ಯಾರು ಯಾವ ಮಾತಿನಲ್ಲಿ ಹೇಳುತ್ತಾರೆ?

ಉತ್ತರ 3 (ಕಲಬುರಗಿಯಿಂದ)

ಬೇಸಿಗೆಯಲ್ಲಿ ಮಧ್ಯಾಹ್ನದ ಪಾಠ ಖಂಡಿತ ಬೇಡ. ನಮ್ಮೂರಿನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಸಂಜೆ ಆರಕ್ಕೂ ಡಾಂಬರು ಕಾದೇ ಇರುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಹೊರಗೆ ಕರೆದೊಯ್ಯಬಾರದು. ನಾನು ಬೆಳಗಿನ ಆರಕ್ಕೆ ಅಪ್ಪನ ಕೆರೆಯ ಕಡೆ ಹೋಗುತ್ತೇನೆ; ನಾಯಿ ಬೆಲ್ಟು ಜಗ್ಗಿದರೆ ನಿಂತುಬಿಡುತ್ತೇನೆ, ಸಡಿಲ ಬಿಟ್ಟರೆ ನಡೆಯುತ್ತೇನೆ. ಮೊದಲ ವಾರ ಕೆರೆ ಮುಟ್ಟಲೇ ಇಲ್ಲ, ಅಷ್ಟೆ.

ಪ್ರಶ್ನೆ ಕೇಳಿದವರಿಂದ, ಹನ್ನೆರಡು ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಗುರುಗಳ ಪ್ರಶ್ನೆಗೆ ಉತ್ತರ ಹೇಳಲು ನಾಚಿಕೆಯಾಗುತ್ತದೆ. ತಾಯಿಯವರು ‘ಕುಂದ್ರು’ ಎನ್ನುತ್ತಾರೆ, ಹೆಂಡತಿ ‘ಸಿಟ್’ ಎನ್ನುತ್ತಾಳೆ, ಓಣಿಯ ಗೆಳೆಯರಿಂದ ಕಲಿತ ಮಗ ‘ಬೈಠ್’ ಎನ್ನುತ್ತಾನೆ. ಕರಿಯ ಮೂರನ್ನೂ ಕೇಳಿ ನಿಂತೇ ಇರುತ್ತಿದ್ದ. ಈಗ ಮನೆಗೆಲ್ಲ ‘ಕುಂದ್ರು’ ಎಂದು ತೀರ್ಮಾನವಾಗಿದೆ, ಮಗ ಆಗಾಗ ಮರೆಯುತ್ತಾನೆ.

ತಟ್ಟೆಯ ಪಾಠ ಒಂದು ಹೊತ್ತೂ ತಪ್ಪಿಲ್ಲ. ನಾಲ್ಕು ಮತ್ತು ಐದನೆಯ ದಿನ ಅವನು ಮೊದಲಿಗಿಂತ ಹೆಚ್ಚು ಹಾರಿ ನನ್ನ ಅಂಗಿಯ ಜೇಬು ಹರಿದ. ಹೀಗಾಗುವುದುಂಟೆಂದು ಮೊದಲೇ ಓದಿದ್ದರಿಂದ ಬೆನ್ನು ತಿರುಗಿಸಿ ನಿಂತೆ. ಎಂಟನೆಯ ದಿನದಿಂದ ನಾನು ತಟ್ಟೆ ಕೈಗೆತ್ತಿಕೊಂಡರೆ ಸಾಕು, ಹೇಳದೆಯೇ ಕೂಡುತ್ತಾನೆ, ಬಾಲ ಮಾತ್ರ ನೆಲ ಗುಡಿಸುತ್ತಿರುತ್ತದೆ.

ಬಾಗಿಲಿನ ಹಾರಾಟ ಇನ್ನೂ ಪೂರ್ತಿ ನಿಂತಿಲ್ಲ. ತಾಯಿಯವರು ಬಂದಾಗ ಅವನು ಹಾರಿದರೂ ಕೂತರೂ ಸೆರಗಿನಿಂದ ಒಂದು ಚೂರು ರೊಟ್ಟಿ ತೆಗೆದು ಕೊಡುತ್ತಾರೆ. ಕೇಳಿದರೆ, ‘ಪಾಪ, ಹಸಿದಾನ’ ಎನ್ನುತ್ತಾರೆ. ಅವರಿಗೆ ಹೇಗೆ ಹೇಳಬೇಕೆಂದು ತಿಳಿದವರು ತಿಳಿಸಿ.