ದೀಪಾವಳಿ ಬೋನಸ್ ಬದಲು ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಕೊಡಬಹುದೇ?

ಪ್ರಶ್ನೆ – ಉದ್ಯಮಬಾಗದ ಮಾಲೀಕ
ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಸುಮಾರು ಮೂವತ್ತು ಕೆಲಸಗಾರರಿದ್ದು, ಹೆಚ್ಚಿನವರು ಸಿಎನ್‌ಸಿ ಲೇತ್ (ಕಂಪ್ಯೂಟರ್ ಪ್ರೋಗ್ರಾಮ್‌ನಿಂದ ನಡೆಯುವ ಲೋಹ ಕಡೆಯುವ ಯಂತ್ರ) ನಡೆಸುತ್ತಾರೆ. ದೀಪಾವಳಿಗೆ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಬೋನಸ್ ಕೊಡುತ್ತ ಬಂದಿದ್ದೇವೆ. ಚುರುಕಾಗಿ ದುಡಿಯುವವನಿಗೂ ಪಾಳಿ ಮುಗಿಯುವುದನ್ನೇ ಕಾಯುವವನಿಗೂ ಅದು ಸಮನಾಗಿ ಸಿಗುವುದರಿಂದ, ಅದೇ ಹಣವನ್ನು ತಿಂಗಳ ಗುರಿ ಮೀರಿದ ಪ್ರತಿ ಪೀಸ್‌ಗೆ ಇಷ್ಟು ಎಂದು ಹಂಚುವ ಯೋಚನೆಯಿದೆ. ಇಂತಹ ಪದ್ಧತಿಯನ್ನು ನಡೆಸಿದವರೂ ಅದರಡಿ ದುಡಿದವರೂ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.

ವೇತನ ವಿಭಾಗದವರು
ಮೊದಲಿಗೆ, ‘ಬದಲು’ ಕೊಡಲು ಬರುವುದಿಲ್ಲ. ಅರ್ಹ ಕೆಲಸಗಾರರಿಗೆ ಕನಿಷ್ಠ ಶೇ. 8.33 ಬೋನಸ್ ಕಾನೂನುಬದ್ಧ ಹಕ್ಕು. 1965ರ ಬೋನಸ್ ಕಾಯ್ದೆಯ ಈ ಕನಿಷ್ಠ ಮಿತಿಯೂ ಶೇ. 20ರ ಗರಿಷ್ಠ ಮಿತಿಯೂ ಆ ಕಾಯ್ದೆಯ ಬದಲಿಗೆ ಬಂದ ವೇತನ ಸಂಹಿತೆಯಲ್ಲಿ ಹಾಗೆಯೇ ಉಳಿದಿವೆ. ಕನಿಷ್ಠ ಬೋನಸ್ ಬಿಟ್ಟುಕೊಡುತ್ತೇವೆಂದು ಕೆಲಸಗಾರರೇ ಸಹಿ ಹಾಕಿಕೊಟ್ಟರೂ ಆ ಒಪ್ಪಂದ ನಿಲ್ಲುವುದಿಲ್ಲ. ವರ್ಷದ ಸಂಬಳದ ಹನ್ನೆರಡರಲ್ಲೊಂದು ಪಾಲಾದ ಈ ಹಣವನ್ನು ಕೆಲಸಗಾರರ ಮನೆಗಳಲ್ಲಿ ಹಬ್ಬದ ಖರ್ಚಿಗೆಂದು ಮೊದಲೇ ಲೆಕ್ಕ ಹಿಡಿದಿರುತ್ತಾರೆ. ಪ್ರೋತ್ಸಾಹಧನ ಕೊಡುವುದಾದರೆ ಅದು ಇದರ ಮೇಲಿನದಾಗಿರಲಿ.

ಗುಣಮಟ್ಟ ಪರೀಕ್ಷಕ
ಉತ್ಪಾದನೆ ಏರುತ್ತದೆ, ಅನುಮಾನವಿಲ್ಲ. ಅಮೆರಿಕದಲ್ಲಿ ಕಾರಿನ ಗಾಜು ಅಳವಡಿಸುವ ಸೇಫ್‌ಲೈಟ್ ಕಂಪನಿ 1994–95ರಲ್ಲಿ ಗಂಟೆ ಲೆಕ್ಕದ ಸಂಬಳ ಬಿಟ್ಟು ಗಾಜಿನ ಲೆಕ್ಕಕ್ಕೆ ಹೊರಳಿದಾಗ ತಲಾ ಉತ್ಪಾದನೆ ಶೇ. 44ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ ಲೆಕ್ಕ ಹಾಕಿದ್ದಾರೆ. ಆದರೆ ಇದ್ದ ಕೆಲಸಗಾರರೇ ಹೆಚ್ಚು ದುಡಿದದ್ದರಿಂದ ಬಂದದ್ದು ಅದರ ಸುಮಾರು ಅರ್ಧ ಪಾಲು ಮಾತ್ರ. ಅಲ್ಲಿ ಒಬ್ಬನ ಕೆಲಸ ಒಬ್ಬನದೇ; ಗಾಜು ಸರಿಯಾಗಿ ಕೂರದಿದ್ದರೆ ಯಾರ ಕೈಕೆಲಸವೆಂದು ತಕ್ಷಣ ತಿಳಿಯುತ್ತದೆ. ಸಿಎನ್‌ಸಿಯಲ್ಲಿ ಹಾಗಲ್ಲ. ಕತ್ತರಿಸುವ ಸಮಯವನ್ನು ಪ್ರೋಗ್ರಾಮ್ ನಿಗದಿ ಮಾಡಿರುತ್ತದೆ, ಯಂತ್ರವನ್ನು ಕೆಲಸಕ್ಕೆ ಸಜ್ಜುಗೊಳಿಸುವ ಸೆಟಿಂಗ್ ಇನ್ನೊಬ್ಬನದು, ಮತ್ತು ಸುಲಭದ ಬುಷ್ ಸಿಕ್ಕವನಿಗೂ ಕಷ್ಟದ ವಾಲ್ವ್ ಬಾಡಿ ಸಿಕ್ಕವನಿಗೂ ಪೀಸ್ ಲೆಕ್ಕ ಹೊಂದುವುದೇ ಇಲ್ಲ. ತಪಾಸಣೆಯಲ್ಲಿ ಪಾಸಾದ ಪೀಸ್‌ಗಳನ್ನು ಮಾತ್ರ, ಅದೂ ಇಡೀ ಪಾಳಿಯ ಲೆಕ್ಕದಲ್ಲಿ ಎಣಿಸಿರಿ.

ನಿವೃತ್ತ ಸೂಪರ್‌ವೈಸರ್
ಮೇಲಿನವರು ಹೇಳಿದ್ದು ಸರಿ, ಆದರೆ ಮುಖ್ಯ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ: ಕೆಲಸಗಾರರು ಗುರಿಯನ್ನು ಸುಲಭವಾಗಿ ಮೀರತೊಡಗಿದ ಮೇಲೆ ನೀವೇನು ಮಾಡುವಿರಿ? ಬಹುಪಾಲು ಮಾಲೀಕರು ಗುರಿಯನ್ನೇ ಮೇಲೆ ಸರಿಸುತ್ತಾರೆ. ಇದು ಕೆಲಸಗಾರರಿಗೆ ಮೊದಲೇ ಗೊತ್ತು. ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ 14 ಮಂದಿಯ ತಂಡವೊಂದನ್ನು ಸಂಶೋಧಕರು ತಿಂಗಳುಗಟ್ಟಲೆ ಗಮನಿಸಿದಾಗ, ಗುಂಪು ಪ್ರೋತ್ಸಾಹಧನ ಇದ್ದರೂ ಆ ತಂಡ ದಿನಕ್ಕೆ ಇಷ್ಟೇ ಕೆಲಸವೆಂದು ತನ್ನೊಳಗೇ ಕಟ್ಟು ಹಾಕಿಕೊಂಡಿತ್ತು. ಮೀರಿದವನ ತೋಳಿಗೆ ಜೊತೆಯವರೇ ಗುದ್ದು ಕೊಡುತ್ತಿದ್ದರು. ಹೆಚ್ಚು ದುಡಿದರೆ ದರ ಕಡಿತವಾದೀತೆಂಬ ಭಯವೂ ಅದರ ಹಿಂದಿತ್ತು. ಇದಕ್ಕೆ ವಿರುದ್ಧವಾಗಿ, ಕ್ಲೀವ್‌ಲ್ಯಾಂಡ್‌ನ ವೆಲ್ಡಿಂಗ್ ಉಪಕರಣ ತಯಾರಕ ಲಿಂಕನ್ ಎಲೆಕ್ಟ್ರಿಕ್‌ನಲ್ಲಿ ಪೀಸ್ ದರ ದಶಕಗಳಿಂದ ನಡೆದುಬಂದಿದೆ. ತಯಾರಿಕೆಯ ವಿಧಾನ ಬದಲಾಗದ ಹೊರತು, ಕೆಲಸಗಾರ ಹೆಚ್ಚು ಗಳಿಸಿದನೆಂಬ ಕಾರಣಕ್ಕೆ ಅಲ್ಲಿ ದರ ಇಳಿಸುವುದಿಲ್ಲ.

ಇನ್ನೊಂದು ಮಾತು. ವೈಯಕ್ತಿಕ ಲೆಕ್ಕ ಬಂದ ದಿನದಿಂದ ಹಿರಿಯ ಆಪರೇಟರ್ ಐಟಿಐ ಮುಗಿಸಿ ಬಂದ ಹುಡುಗನಿಗೆ ಟೂಲ್ ಆಫ್‌ಸೆಟ್ (ಕತ್ತರಿಸುವ ಉಪಕರಣದ ಅಳತೆಯನ್ನು ಯಂತ್ರದಲ್ಲಿ ಹೊಂದಿಸುವುದು) ಹೇಳಿಕೊಡುವುದನ್ನು ನಿಲ್ಲಿಸುತ್ತಾನೆ. ಅದು ಅವನ ಕೆಟ್ಟತನವಲ್ಲ. ಕಲಿಸುವ ಸಮಯಕ್ಕೆ ನೀವು ದುಡ್ಡು ಇಟ್ಟಿರುವುದಿಲ್ಲ.

ಉದ್ಯಮಬಾಗದ ಮಾಲೀಕ
ಎಲ್ಲರಿಗೂ ಧನ್ಯವಾದಗಳು. ಬೋನಸ್ ಇದ್ದಂತೆಯೇ ಇರಲಿ, ಪಾಸಾದ ಪೀಸ್‌ಗಳ ಮೇಲೆ ಪಾಳಿವಾರು ಪ್ರೋತ್ಸಾಹಧನ ಬೇರೆಯಾಗಿ ಕೊಡೋಣ ಎಂದುಕೊಂಡಿದ್ದೇನೆ. ದರವನ್ನು ಎಷ್ಟು ಕಾಲ ಬದಲಿಸುವುದಿಲ್ಲವೆಂದು ಬರೆದುಕೊಡುವುದು ಸೂಕ್ತ?

ನಿವೃತ್ತ ಸೂಪರ್‌ವೈಸರ್
ಕಾಲದ ಲೆಕ್ಕ ಬೇಡ. ಹೊಸ ಯಂತ್ರ, ಹೊಸ ಫಿಕ್ಸ್ಚರ್ (ಪೀಸನ್ನು ಹಿಡಿದಿಡುವ ಸಾಧನ) ಅಥವಾ ಹೊಸ ಡ್ರಾಯಿಂಗ್ ಬಂದರೆ ಮಾತ್ರ ದರ ಪರಿಶೀಲನೆ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿರಿ. ಸೆಟ್ಟರ್‌ನನ್ನೂ ಕಲಿಕೆಯ ಹುಡುಗರನ್ನೂ ಪಾಳಿಯ ಲೆಕ್ಕದಲ್ಲಿ ಸೇರಿಸಲು ಮರೆಯಬೇಡಿರಿ.