ಬೇಸ್ ಗಿಟಾರಿಗೆ ಫ್ಲಾಟ್‌ವೌಂಡ್ ತಂತಿ ಹಾಕಿದ ಮೇಲೆ ಇ ತಂತಿ ಸತ್ತೇ ಹೋಗಿದೆ. ಯಾವ ಸೆಟ್ ತಗೋಬೇಕಿತ್ತು?

ಕೋಡಿಬಾಗ_ಬೇಸ್ (ಶನಿವಾರ, ರಾತ್ರಿ 10:52)

ಮಂಡೆಬಿಸಿಯಲ್ಲೇ ಬರೆಯುತ್ತಿದ್ದೇನೆ, ಹೆಚ್ಚುಕಮ್ಮಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎರಡು ವರ್ಷದಿಂದ ರೌಂಡ್‌ವೌಂಡ್, ಅಂದರೆ ಮೇಲೆ ಗುಂಡು ತಂತಿ ಸುತ್ತಿದ ತಂತಿಯಲ್ಲೇ ಬೇಸ್ ನುಡಿಸುತ್ತಿದ್ದೆ. ಕಾರವಾರದಲ್ಲಿ ನಮ್ಮ ಮನೆಯಿಂದ ಕಡಲು ಕೂಗಳತೆ ದೂರ. ಮಳೆಗಾಲ ಬಂತೆಂದರೆ ತಿಂಗಳೊಳಗೆ ತಂತಿಯ ಸಂದಿಯಲ್ಲೆಲ್ಲ ಕೆಂಪು ತುಕ್ಕು. ಬೆರಳು ಜಾರಿಸಿದರೆ ಗರಗಸದ ಮೇಲೆ ಎಳೆದ ಹಾಗೆ. ಎಲ್ಲರೂ ಹೇಳಿದರು, ಫ್ಲಾಟ್‌ವೌಂಡ್ ಹಾಕು, ಮೇಲೆ ಚಪ್ಪಟೆ ಪಟ್ಟಿ ಸುತ್ತಿರುವುದರಿಂದ ನುಣ್ಣಗಿರುತ್ತದೆ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ ಅಂತ. ಸರಿ, ನಾಲ್ಕು ಸಾವಿರದ ಹತ್ತಿರ ಕೊಟ್ಟು ಒಂದು ಸೆಟ್ ತರಿಸಿದೆ. ದಪ್ಪ 45-105 (ಇಂಚಿನ ಸಾವಿರದ ಭಾಗದಲ್ಲಿ). ಕಂಪನಿ ಹೆಸರು ಹೇಳುವುದಿಲ್ಲ, ಆಮೇಲೆ ಅದರ ಅಭಿಮಾನಿಗಳು ದೊಣ್ಣೆ ಹಿಡಿದು ಬರುತ್ತಾರೆ.

ತೆಳ್ಳಗಿನ ಜಿ, ಡಿ ತಂತಿ ಪರವಾಗಿಲ್ಲ. ಎ ಸ್ವಲ್ಪ ಮಂಕು. ಎಲ್ಲಕ್ಕಿಂತ ದಪ್ಪದ ಇ ಮಾತ್ರ ಹೆಣ. ಮೀಟಿದರೆ ‘ದುಬ್’ ಅನ್ನುತ್ತದೆ, ಮುಗಿಯಿತು. ಸ್ವರವೇ ಇಲ್ಲ. ಟ್ಯೂನರ್ ಆಪ್‌ನ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಫ್ಲಾಟ್‌ವೌಂಡ್ ಅಂದರೆ ಹೀಗೇನಾ? ಇಲ್ಲ ಬೇರೆ ಕಂಪನಿಯದ್ದು ತಗೋಬೇಕಿತ್ತಾ? ಚೌತಿಗೆ ನಮ್ಮ ಗಲ್ಲಿಯ ಪೆಂಡಾಲಿನಲ್ಲಿ ಕಾರ್ಯಕ್ರಮ ಇದೆ. ಮೂರೇ ವಾರ ಉಳಿದಿದೆ.

ಅಂಕೋಲಾ_ಲೋಎಂಡ್ (ಶನಿವಾರ, ರಾತ್ರಿ 11:20)

ಫ್ಲಾಟ್‌ವೌಂಡ್ ಅಂದರೆ ಹೀಗೇ ಮಾರಾಯಾ! ನಿನ್ನ ಕಿವಿ ರೌಂಡ್‌ವೌಂಡ್‌ನ ಝಣಝಣಕ್ಕೆ ಒಗ್ಗಿಹೋಗಿದೆ, ಅಷ್ಟೇ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಕೇಳು. 1962ರ ಪ್ರಿಸಿಷನ್ ಬೇಸ್, ಅದಕ್ಕೆ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್‌ವೌಂಡ್, 52ರಿಂದ 110. ಬ್ರಿಜ್, ಅಂದರೆ ತಂತಿ ಕಟ್ಟುವ ಕೆಳತುದಿ, ಅದರ ಮುಚ್ಚಳದ ಕೆಳಗೆ ಸ್ಪಂಜ್ ಬೇರೆ. ತುಂಡಾಗುವವರೆಗೆ ತಂತಿ ಬದಲಿಸುತ್ತಿರಲಿಲ್ಲ ಆ ಮನುಷ್ಯ. ಹಳೇ ಮೋಟೌನ್ ಹಾಡುಗಳಲ್ಲಿ ಕೇಳುವ ‘ದುಬ್’ ಅದೇ. ನಿನಗೆ ಪುಕ್ಕಟೆ ಸಿಕ್ಕಿದೆ, ಖುಷಿಪಡು.

ತೋಟದಮನೆ (ಭಾನುವಾರ, ಬೆಳಿಗ್ಗೆ 6:15)

ಅಂಕೋಲೆಯವರೇ, ಆ ‘ದುಬ್’ನಲ್ಲಿ ಸ್ವರ ಇರುತ್ತದೆ. ಇವರು ಸ್ವರವೇ ಇಲ್ಲ ಅನ್ನುತ್ತಿದ್ದಾರೆ. ಸರಿಯಾಗಿ ಓದಿ.

ಇದು ನೂರಕ್ಕೆ ನೂರು ನೆಕ್ (ಗಿಟಾರಿನ ಉದ್ದ ಕತ್ತು) ಸಮಸ್ಯೆ. ಶಿರಸಿಯಲ್ಲಿ ಆಷಾಢದಲ್ಲಿ ನಮ್ಮನೆ ಬಾಗಿಲೇ ಹಾಕಲಿಕ್ಕಾಗುವುದಿಲ್ಲ, ಮರ ಅಷ್ಟು ಉಬ್ಬುತ್ತದೆ. ಗಿಟಾರಿನ ನೆಕ್ ಏನು ಪ್ಲಾಸ್ಟಿಕ್ಕಾ? ಇ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒಂದು ಕೈಯಿಂದ, ಕೊನೇ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ದಪ್ಪದ ಜಾಗ ಇರಬೇಕು. ಜಾಸ್ತಿ ಇದ್ದರೆ ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಉಕ್ಕಿನ ಸರಳು, ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಟ್ಟು ನೋಡಿ.

ಕೋಡಿಬಾಗ_ಬೇಸ್ (ಭಾನುವಾರ, ಬೆಳಿಗ್ಗೆ 11:03)

ಕಾರ್ಡ್ ಹೋಗುತ್ತದೆ, ಸ್ವಲ್ಪ ಸಡಿಲ ಅನ್ನಿಸಿತು. ಕಾಲು ಸುತ್ತು ಬಿಗಿ ಮಾಡಿದ್ದೇನೆ. ಇ ಇನ್ನೂ ‘ದುಬ್’.

ಕುಮಟಾ_ಕೀಬೋರ್ಡ್ (ಭಾನುವಾರ, ಮಧ್ಯಾಹ್ನ 1:40)

ನಾನು ಕೀಬೋರ್ಡಿನವನು, ಆದರೂ ಹೇಳುತ್ತೇನೆ. ನಮ್ಮ ಬ್ಯಾಂಡಿನ ಬೇಸ್ ಹುಡುಗ ನುಡಿಸಿದ ಮೇಲೆ ತಂತಿಗೆ ಒಂದು ಹನಿ ತೆಂಗಿನೆಣ್ಣೆ ಸವರಿ ಒರೆಸುತ್ತಾನೆ. ಮೂರು ಮಳೆಗಾಲ ಆಯಿತು, ತುಕ್ಕಿನ ಸುದ್ದಿಯೇ ಇಲ್ಲ. ನಿಮಗೆ ಫ್ಲಾಟ್‌ವೌಂಡ್ ಬೇಕೇ ಇರಲಿಲ್ಲ.

ಅಂಕೋಲಾ_ಲೋಎಂಡ್ (ಭಾನುವಾರ, ಮಧ್ಯಾಹ್ನ 1:52)

ತೆಂಗಿನೆಣ್ಣೆ!! ತಂತಿಗೆ ಒಗ್ಗರಣೆಯೂ ಕೊಡಿ. ಅಡುಗೆ ಎಣ್ಣೆ ದಿನ ಕಳೆದಂತೆ ಕಮಟು ಹಿಡಿಯುತ್ತದೆ. ರೌಂಡ್‌ವೌಂಡ್‌ನ ಸುತ್ತುಗಳ ಸಂದಿಯಲ್ಲಿ ಧೂಳು, ಬೆವರು ಎಲ್ಲ ಅಂಟಿ ತಂತಿ ಇನ್ನೂ ಬೇಗ ಮಂಕಾಗುತ್ತದೆ. ಒಣ ಹತ್ತಿ ಬಟ್ಟೆ ಸಾಕು.

ಕುಮಟಾ_ಕೀಬೋರ್ಡ್ (ಭಾನುವಾರ, ಮಧ್ಯಾಹ್ನ 2:10)

ನೀವು ಕಮಟು ಎಣ್ಣೆ ತಿನ್ನುವವರಿರಬೇಕು. ನಮ್ಮದು ಗಾಣದ ಎಣ್ಣೆ.

ತೋಟದಮನೆ (ಭಾನುವಾರ, ಸಂಜೆ 7:30)

ಎಣ್ಣೆ ಜಗಳ ಆಮೇಲೆ ಮಾಡಿ. ಕೋಡಿಬಾಗದವರೇ, ಕಾಲು ಸುತ್ತು ಸಾಕಾಗಿಲ್ಲ, ಇನ್ನೂ ಅರ್ಧ ಕಾಲು ತಿರುಗಿಸಿ. ನೆಕ್ ಕೂರಲು ಸಮಯ ಬೇಕು.

ನನ್ನದನ್ನೇ ಹೇಳುತ್ತೇನೆ. ಅಡಿಕೆ ಅಟ್ಟದ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇನೆ. ಹತ್ತಿಂಚಿನ ಎಂಟು ಸ್ಪೀಕರ್ ಇರುವ ಕ್ಯಾಬಿನೆಟ್, ಬೀರುವಿನಷ್ಟು ಎತ್ತರ, ನಾಲ್ಕು ಜನ ಹೊತ್ತು ತಂದದ್ದು. ಅದಕ್ಕೆ ವಾಲ್ವ್ ಆಂಪ್ಲಿಫೈಯರ್. ಎರಡು ಬೇಸ್, ಒಂದಕ್ಕೆ ಥೊಮಾಸ್ಟಿಕ್ ಜಾಝ್ ಫ್ಲಾಟ್ಸ್, ಇನ್ನೊಂದಕ್ಕೆ ಐರನ್ ಮೇಡನ್ ಬ್ಯಾಂಡಿನ ಸ್ಟೀವ್ ಹ್ಯಾರಿಸ್ ಹಾಕುವ ರೋಟೋಸೌಂಡ್ ಫ್ಲಾಟ್, 50ರಿಂದ 110. ಇ ತಂತಿ ಮೀಟಿದರೆ ಅಟ್ಟದಿಂದ ಅಡಿಕೆ ಉದುರಬೇಕು, ಹಾಗಿದೆ.

ಕುಮಟಾ_ಕೀಬೋರ್ಡ್ (ಭಾನುವಾರ, ಸಂಜೆ 7:41)

ಮಳೆಗಾಲದಲ್ಲಿ ಕರೆಂಟ್ ಇದ್ದ ದಿನ ತಾನೇ ಭಟ್ರೆ?

ತೋಟದಮನೆ (ಭಾನುವಾರ, ಸಂಜೆ 7:44)

ಅದು ಬೇರೆ ವಿಷಯ.

ಸದಾಶಿವಗಡ_ರಿಪೇರಿ (ಸೋಮವಾರ, ಬೆಳಿಗ್ಗೆ 9:05)

ಬೇಸ್ ಯಾವುದು ಅಂತ ಇಷ್ಟು ಹೊತ್ತಾದರೂ ಒಬ್ಬರೂ ಕೇಳಿಲ್ಲ. ಒಂದು ಫೋಟೋ ಹಾಕಿ. ಪೂರ್ತಿ ಬೇಸ್ ಒಂದು, ತಲೆಯ ಕಡೆ ಬಿರಡೆಗಳು ಕಾಣುವ ಹಾಗೆ ಒಂದು.

ಕೋಡಿಬಾಗ_ಬೇಸ್ (ಸೋಮವಾರ, ಮಧ್ಯಾಹ್ನ 12:30)

ಮಾಮೂಲಿ ನಾಲ್ಕು ತಂತಿಯ ಬೇಸ್ ರೀ. ಅಣ್ಣ ಗೋವಾದಿಂದ ತಂದ ಹಳೇದು, ತಲೆಯ ಮೇಲಿನ ಹೆಸರು ಅಳಿಸಿಹೋಗಿದೆ. ಫೋಟೋ ಹಾಕಿದ್ದೇನೆ. ಹಿಂದೆ ಒಣಹಾಕಿದ ಬಟ್ಟೆ ಕಾಣುತ್ತದೆ, ಕ್ಷಮಿಸಿ, ಬಿಸಿಲಿಲ್ಲ. ಅಂದಹಾಗೆ ಇನ್ನೂ ಅರ್ಧ ಕಾಲು ಸುತ್ತು ಬಿಗಿ ಮಾಡಿದೆ. ಈಗ ಒಂದನೇ, ಎರಡನೇ ಫ್ರೆಟ್‌ನಲ್ಲಿ ಕರಕರ ಅನ್ನಲು ಶುರುವಾಗಿದೆ.

ಸದಾಶಿವಗಡ_ರಿಪೇರಿ (ಸೋಮವಾರ, ಮಧ್ಯಾಹ್ನ 1:15)

ಟ್ರಸ್ ರಾಡ್ ಮುಟ್ಟುವುದು ನಿಲ್ಲಿಸಿ.

ಎರಡು ಪ್ರಶ್ನೆ. ಮನೆಯಲ್ಲಿ ಹೊಲಿಗೆ ಟೇಪ್ ಇದ್ದರೆ ನಟ್‌ನಿಂದ, ಅಂದರೆ ತಲೆಯ ಹತ್ತಿರ ತಂತಿ ಕೂರುವ ಆ ಬಿಳಿ ಪಟ್ಟಿಯಿಂದ, ಹನ್ನೆರಡನೇ ಫ್ರೆಟ್‌ವರೆಗೆ ಅಳೆಯಿರಿ. ಎಷ್ಟು ಇಂಚು?

ಎರಡನೆಯದು, ತಂತಿಯ ತುದಿಗೆ ಬಣ್ಣದ ದಾರ ಸುತ್ತಿರುತ್ತದಲ್ಲ, ಅದು ನಿಮ್ಮ ಇ ಬಿರಡೆಯಲ್ಲಿ ಕಾಣುತ್ತಿಲ್ಲ. ಎಲ್ಲಿ ಹೋಯಿತು?

ಕೋಡಿಬಾಗ_ಬೇಸ್ (ಸೋಮವಾರ, ಮಧ್ಯಾಹ್ನ 1:50)

15 ಇಂಚು.

ಆ ಕೆಂಪು ದಾರವಾ? ಪ್ಯಾಕಿಂಗ್ ಅಂದುಕೊಂಡಿದ್ದೆ. ಇ ತಂತಿ ತುಂಬ ಉದ್ದ ಉಳಿಯಿತು, ಬಿರಡೆಯ ತೂತಿಗೂ ಹೋಗುತ್ತಿರಲಿಲ್ಲ. ಕಟಿಂಗ್ ಪ್ಲೇಯರ್‌ನಿಂದ ದಾರದ ಭಾಗ ಪೂರ್ತಿ ಕತ್ತರಿಸಿ, ಜೋರಾಗಿ ತುರುಕಿ ಸುತ್ತಿದೆ. ಎ ಕೂಡ ಸ್ವಲ್ಪ ಕತ್ತರಿಸಿದ್ದೇನೆ. ಜಿ, ಡಿ ತೆಳ್ಳಗಿದ್ದವು, ಹಾಗೇ ಸುತ್ತಿದೆ.

ಅಂಕೋಲಾ_ಲೋಎಂಡ್ (ಸೋಮವಾರ, ಮಧ್ಯಾಹ್ನ 1:58)

ಅಯ್ಯೋ ದೇವರೇ.

ಸದಾಶಿವಗಡ_ರಿಪೇರಿ (ಸೋಮವಾರ, ಸಂಜೆ 6:20)

ಅಂಗಡಿ ಬಾಗಿಲು ಹಾಕಿ ಕೂತು ಬರೆಯುತ್ತಿದ್ದೇನೆ.

15ರ ಎರಡು ಪಟ್ಟು 30. ಸ್ಕೇಲ್ ಅಂದರೆ ನಟ್‌ನಿಂದ ಬ್ರಿಜ್‌ವರೆಗೆ ತಂತಿಯ ಉದ್ದ; ನಿಮ್ಮದು 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್. ಮಾಮೂಲಿ ಬೇಸ್ ಅಂದರೆ 34 ಇಂಚು. ನೀವು ಹಾಕಿದ್ದು 34ರ ತಂತಿ. ಕಂಪನಿಯ ತಪ್ಪಿಲ್ಲ, ಮಳೆಯ ತಪ್ಪೂ ಇಲ್ಲ.

ಫ್ಲಾಟ್‌ವೌಂಡ್ ಅಂದರೆ ನಡುವೆ ಉಕ್ಕಿನ ತಂತಿ, ಅದರ ಮೇಲೆ ಚಪ್ಪಟೆ ಪಟ್ಟಿ ಸುತ್ತಿರುತ್ತಾರೆ. ತುದಿಯಲ್ಲಿ ತೆಳ್ಳಗಾಗಿ, ದಾರ ಸುತ್ತಿದ ಭಾಗ ಇರುತ್ತದೆ. ಬಿರಡೆಗೆ ಸುತ್ತಬೇಕಾದ್ದು ಆ ಭಾಗ ಮಾತ್ರ. ದಪ್ಪ ಭಾಗ ನಟ್ ದಾಟಿ ಸ್ವಲ್ಪ ಮುಂದೆ ಬಂದು ನಿಲ್ಲಬೇಕು, ಬಿರಡೆ ಮುಟ್ಟಬಾರದು. ನಿಮ್ಮದರಲ್ಲಿ ಚಪ್ಪಟೆ ಪಟ್ಟಿಯನ್ನೇ ಬಗ್ಗಿಸಿ ಸುತ್ತಿದ್ದೀರಿ. ಫೋಟೋ ದೊಡ್ಡದು ಮಾಡಿ ನೋಡಿ, ಬಿರಡೆಯ ತಿರುವಿನಲ್ಲಿ ಪಟ್ಟಿ ಮೀನಿನ ಹುರುಪೆಯ ಹಾಗೆ ಎದ್ದು ನಿಂತಿದೆ. ಅದಕ್ಕೂ ಮೊದಲು, ಬಗ್ಗಿಸದೆ ನೇರ ಕತ್ತರಿಸಿದ್ದೀರಿ. ಪಟ್ಟಿಯ ಹಿಡಿತ ಅಲ್ಲಿಂದಲೇ ಸಡಿಲಾಗುತ್ತದೆ. ಈಗ ಒಳಗಿನ ತಂತಿ ಒಂದು ಥರ ಅಲುಗುತ್ತದೆ, ಹೊರಗಿನ ಪಟ್ಟಿ ಇನ್ನೊಂದು ಥರ. ಸ್ವರ ಎಲ್ಲಿಂದ ಬರಬೇಕು?

ಇನ್ನೊಂದು ಲೆಕ್ಕ. ಅದೇ ತಂತಿ, ಅದೇ ಶ್ರುತಿ, ಸ್ಕೇಲ್ ಮಾತ್ರ 34ರಿಂದ 30ಕ್ಕೆ ಇಳಿದರೆ ಎಳೆತ ಸುಮಾರು 22% ಕಮ್ಮಿಯಾಗುತ್ತದೆ. ಉದ್ದದ ವರ್ಗದ ಲೆಕ್ಕ ಅದು. ಹಾಗಾಗಿ ಸರಿಯಾಗಿ ಹಾಕಿದ್ದರೂ ನಿಮ್ಮ ಇ ಮೆತ್ತಗೇ ಇರುತ್ತಿತ್ತು.

ತೋಟದಮನೆ (ಸೋಮವಾರ, ರಾತ್ರಿ 8:02)

ಒಪ್ಪಿದೆ. ಆದರೆ ನೆಕ್ ಕೂಡ ಸ್ವಲ್ಪ ಬಾಗಿತ್ತು ಅನ್ನುವುದು ನನ್ನ ಅಭಿಪ್ರಾಯ. ಅವರೇ ಹೇಳಿದರಲ್ಲ, ಕಾರ್ಡ್ ಸಡಿಲ ಅಂತ.

ಕೋಡಿಬಾಗ_ಬೇಸ್ (ಸೋಮವಾರ, ರಾತ್ರಿ 8:30)

ಎರಡು ವರ್ಷ ನುಡಿಸಿದ ಬೇಸ್ ಎಷ್ಟುದ್ದ ಅಂತ ನನಗೇ ಗೊತ್ತಿರಲಿಲ್ಲ. ರೌಂಡ್‌ವೌಂಡ್ ಅಣ್ಣನೇ ಹಾಕಿಕೊಟ್ಟಿದ್ದ. ಈಗ ಯಾವುದು ತಗೊಳ್ಳಲಿ? ಮತ್ತೆ ನಾಲ್ಕು ಸಾವಿರ ಅಂದರೆ ಮನೆಯಲ್ಲಿ ಮಂಗಳಾರತಿ.

ಅಂಕೋಲಾ_ಲೋಎಂಡ್ (ಸೋಮವಾರ, ರಾತ್ರಿ 8:47)

ಥೊಮಾಸ್ಟಿಕ್! ಕಣ್ಣು ಮುಚ್ಚಿ ತಗೋ. ವಿಯೆನ್ನಾದ ಕಂಪನಿ, ಬೆಣ್ಣೆಯ ಹಾಗಿರುತ್ತದೆ.

ಸದಾಶಿವಗಡ_ರಿಪೇರಿ (ಸೋಮವಾರ, ರಾತ್ರಿ 9:30)

ಬೆಣ್ಣೆಯೇ ತೊಂದರೆ ಇಲ್ಲಿ. ಥೊಮಾಸ್ಟಿಕ್‌ನ ಎಳೆತ ಮೊದಲೇ ಕಮ್ಮಿ. ಅವರ 34ರ ಸೆಟ್ಟೇ 43, 56, 70, 100. 30 ಇಂಚಿಗೆ ಹಾಕಿ ಬೆರಳಲ್ಲಿ ಜೋರಾಗಿ ಮೀಟುವವರಿಗೆ ಅದು ರಬ್ಬರ್ ಬ್ಯಾಂಡ್. ಮೆತ್ತಗೆ ನುಡಿಸುವ ಕೈ ಆದರೆ ಬೇರೆ ಮಾತು. ದರವೂ ಜಾಸ್ತಿ.

ನಿಮ್ಮ ಪೆಂಡಾಲಿಗೆ ಡಿ’ಅಡಾರಿಯೊ ಕ್ರೋಮ್ಸ್, ಶಾರ್ಟ್ ಸ್ಕೇಲ್, 45-100 ನೋಡಿ. ಫ್ಲಾಟ್‌ಗಳಲ್ಲಿ ದನಿಗೆ ಸ್ವಲ್ಪ ಹೊಳಪು ಜಾಸ್ತಿ ಇರುವ ತಂತಿ, ಕೈಗೂ ಬಿಗಿ. ಢೋಲಕ್, ತಾಳದ ನಡುವೆ ಸ್ವರ ಮುಳುಗುವುದಿಲ್ಲ. ಹಳೇ ಕಾಲದ ಗುಂಡು ದನಿ ಬೇಕಾದರೆ ಲಾ ಬೆಲ್ಲಾದ ಶಾರ್ಟ್ ಸ್ಕೇಲ್. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಹಾಫ್ನರ್ ಕೂಡ 30 ಇಂಚಿನದ್ದೇ, ಅದಕ್ಕೂ ಫ್ಲಾಟ್‌ವೌಂಡೇ. ಚಿಕ್ಕ ಬೇಸ್ ಅಂತ ನಾಚಿಕೆಪಡಬೇಡಿ.

ತುಕ್ಕೇ ದೊಡ್ಡ ತಲೆನೋವಾದರೆ ಕಪ್ಪು ನೈಲಾನ್ ಪಟ್ಟಿ ಸುತ್ತಿದ ತಂತಿಯೂ ಇದೆ. ಹೊರಗಿನ ನೈಲಾನ್‌ಗೆ ಉಪ್ಪುಗಾಳಿ ಏನೂ ಮಾಡುವುದಿಲ್ಲ, ಒಳಗೆ ಉಕ್ಕು ಇರುವುದರಿಂದ ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಪಿಕಪ್‌ಗೂ ಕೇಳುತ್ತದೆ. ಆದರೆ ಕೆಲವು ಸೆಟ್ ತುಂಬ ದಪ್ಪ, ನಟ್‌ನ ಗೀರು ಅರದಿಂದ ಅಗಲ ಮಾಡಬೇಕಾಗುತ್ತದೆ. ಚೌತಿ ಹತ್ತಿರ ಇರುವಾಗ ಅದು ಬೇಡ.

ಯಾವುದೇ ತಗೊಳ್ಳಿ, ಆರ್ಡರ್ ಮಾಡುವ ಮೊದಲು ತಂತಿಯ ಗುಂಡು ಬ್ರಿಜ್‌ನಲ್ಲಿ ಕೂರುವ ಜಾಗದಿಂದ ನಟ್‌ವರೆಗೆ ಅಳೆಯಿರಿ. ಬರೀ ಸ್ಕೇಲ್ ನೋಡಿದರೆ ಸಾಲದು. ಕ್ರೋಮ್ಸ್ ಶಾರ್ಟ್ ಸ್ಕೇಲ್ 32 ಇಂಚಿನವರೆಗೆ ಆಗುತ್ತದೆ.

ಕೋಡಿಬಾಗ_ಬೇಸ್ (ಸೋಮವಾರ, ರಾತ್ರಿ 9:52)

ಅಳೆದೆ. 31ಕ್ಕೆ ಒಂದು ನೂಲು ಜಾಸ್ತಿ.

ಸದಾಶಿವಗಡ_ರಿಪೇರಿ (ಸೋಮವಾರ, ರಾತ್ರಿ 9:55)

ಆಯಿತು, ತರಿಸಿ. ಹಾಕುವಾಗ ಬಿರಡೆ ದಾಟಿ ನಾಲ್ಕು ಬೆರಳಷ್ಟು ಜಾಸ್ತಿ ಬಿಟ್ಟು, ಮೊದಲು ಅಲ್ಲಿ ಲಂಬವಾಗಿ ಬಗ್ಗಿಸಿ, ಆಮೇಲೆ ಬಗ್ಗಿಸಿದ ಜಾಗದ ಆಚೆ ಕತ್ತರಿಸಿ. ತಂತಿ ತಿರುಚಿಕೊಳ್ಳಬಾರದು. ಹಾಕಿದ ಮೇಲೆ ಬ್ರಿಜ್‌ನ ಕುದುರೆಯ ಮುಂದೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಕೂರಿಸಿ. ಅರ್ಥವಾಗದಿದ್ದರೆ ಕಾಳಿ ಸೇತುವೆ ದಾಟಿ ಈಚೆ ಬನ್ನಿ, ಹಾಕಿಕೊಡುತ್ತೇನೆ.

ಕುಮಟಾ_ಕೀಬೋರ್ಡ್ (ಮಂಗಳವಾರ, ಬೆಳಿಗ್ಗೆ 8:12)

ಹೊಸ ತಂತಿಗೆ ಎಣ್ಣೆ ಹಚ್ಚಬಹುದಲ್ಲ?

ಅಂಕೋಲಾ_ಲೋಎಂಡ್ (ಮಂಗಳವಾರ, ಬೆಳಿಗ್ಗೆ 8:13)

ಇಲ್ಲ!!

ಕೋಡಿಬಾಗ_ಬೇಸ್ (ಹನ್ನೆರಡು ದಿನದ ನಂತರ)

ಕ್ರೋಮ್ಸ್ ಬಂತು. ಸದಾಶಿವಗಡಕ್ಕೆ ಹೋಗಿ ಅವರ ಎದುರೇ ಹಾಕಿದೆ. ಈ ಸಲ ಬಿರಡೆಯಲ್ಲಿ ದಾರವೇ ಸುತ್ತಿದೆ, ದಪ್ಪ ಭಾಗ ನಟ್‌ನಿಂದ ಎರಡು ಬೆರಳು ಮುಂದೆ ಬಂದು ನಿಂತಿತು. ಇ ಮೀಟಿದರೆ ಸ್ವರ ಬರುತ್ತದೆ, ಬಂದು ನಿಲ್ಲುತ್ತದೆ. ಬೇಸ್ ಹೊಟ್ಟೆಗೆ ತಾಗಿಸಿಕೊಂಡಿದ್ದರೆ ಗೊತ್ತಾಗುತ್ತದೆ.

ಒಂದೆರಡನೇ ಫ್ರೆಟ್‌ನ ಕರಕರ ಉಳಿದಿತ್ತು. ರಿಪೇರಿಯಣ್ಣ ಟ್ರಸ್ ರಾಡ್ ತಿರುಗಿಸಿದ್ದು ಎಷ್ಟು ಗೊತ್ತಾ? ಕಾಲು ಸುತ್ತು ಮತ್ತು ಇನ್ನರ್ಧ ಕಾಲು, ವಾಪಸ್. ಶಬ್ದ ಹೋಯಿತು.

ತೋಟದಮನೆ (ಅದೇ ದಿನ, ಸಂಜೆ)

ಬಿಸಿಲು ಬಂದಿರಬೇಕು, ಮರ ಒಣಗಿದೆ. ಇರಲಿ. ಆ ಹಳೇ ಸೆಟ್‌ನಲ್ಲಿ ಜಿ, ಡಿ ಕತ್ತರಿಸಿಲ್ಲ ಅಂದಿದ್ದಿರಿ. ಬಿಸಾಡುವುದಾದರೆ ಶಿರಸಿ ಬಸ್ಸಿಗೆ ಹಾಕಿ, ನನ್ನ ಒಂದು ಬೇಸ್‌ಗೆ ಆಗುತ್ತದೆ. ಇ, ಎ ಎರಡೂ ಕಳಿಸಿ. ಕಾಳುಮೆಣಸಿನ ಬಳ್ಳಿ ಕಟ್ಟಲಿಕ್ಕೆ ಬೇಕು.