ಲೋಲಕದ ಲೆಕ್ಕದಲ್ಲಿ ಶೇ. 111 ದೋಷ ಬರುತ್ತಿದೆ, ಎಲ್ಲಿ ಎಡವಿದೆ?

ಕೊನೆಬೆಂಚು ಕೇಳಿದ್ದು:

ಫಸ್ಟ್ ಪಿಯು ಫಿಸಿಕ್ಸ್. ಎರಡು ಲೆಕ್ಕ ನಿನ್ನೆಯಿಂದ ತಲೆ ತಿನ್ನುತ್ತಿವೆ.

ಒಂದು. ಲೋಲಕದ ಉದ್ದ 80.0 ಸೆಂ.ಮೀ., ಸ್ಕೇಲಿನ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಚಿಕ್ಕ ಅಳತೆ) 1 ಮಿ.ಮೀ. 50 ಆಂದೋಲನಕ್ಕೆ 90 ಸೆಕೆಂಡ್, ಗಡಿಯಾರದ ಲೀಸ್ಟ್ ಕೌಂಟ್ 1 ಸೆಕೆಂಡ್. ಜಿ (ಗುರುತ್ವ ವೇಗೋತ್ಕರ್ಷ) ಎಷ್ಟು, ಅದರಲ್ಲಿ ಶೇಕಡಾ ದೋಷ ಎಷ್ಟು? ಒಂದು ಆಂದೋಲನದ ಸಮಯ ಟಿ = 90 ÷ 50 = 1.8 ಸೆಕೆಂಡ್ ಅಂತ ಹಾಕಿ ಜಿ 9.75 ತೆಗೆದೆ. ಖುಷಿ ಆಯಿತು. ಆಮೇಲೆ ದೋಷಕ್ಕೆ 1 ÷ 1.8, ಸೂತ್ರದಲ್ಲಿ (ಜಿ = 4π² × ಉದ್ದ ÷ ಟಿ²) ಟಿ ಸ್ಕ್ವೇರ್ ಇದೆಯಲ್ಲ, ಅದಕ್ಕೆ ಎರಡು ಪಟ್ಟು ಮಾಡಿದರೆ ಶೇ. 111 ಬಂತು. ಅಳೆದದ್ದಕ್ಕಿಂತ ತಪ್ಪೇ ಜಾಸ್ತಿ! ಇನ್ನೊಂದು ಡೌಟು, ಟಿ ಛೇದದಲ್ಲಿದೆ, ಹಾಗಾದರೆ ಅದರ ದೋಷವನ್ನು ಕಳೆಯಬೇಕಲ್ವಾ?

ಎರಡು. ನೆಲದ ಮೇಲೆ ಸುಮ್ನೆ ಕೂತಿರುವ 5 ಕೆಜಿ ಪೆಟ್ಟಿಗೆ, ಸ್ಥಿತ ಘರ್ಷಣಾ ಗುಣಾಂಕ 0.4, ಜಿ 10 ಅಂತ ತಗೊಳ್ಳಿ ಎಂದಿದ್ದಾರೆ. 15 ನ್ಯೂಟನ್ ಬಲದಿಂದ ಅಡ್ಡಕ್ಕೆ ತಳ್ಳಿದರೆ ಘರ್ಷಣೆ ಎಷ್ಟು? ಗುಣಾಂಕ × ತೂಕ, ಅಂದರೆ 0.4 × 50 = 20 ಅಂತ ಬರೆದೆ. ಹಿಂದಿನ ಪುಟದಲ್ಲಿರುವ ಉತ್ತರ 15. ಪ್ರಿಂಟ್ ಮಿಸ್ಟೇಕಾ?

ಸೀಮೆಸುಣ್ಣ:

ಪ್ರಿಂಟ್ ಸರಿ ಇದೆ, ಅದನ್ನು ಕೊನೆಗೆ ನೋಡೋಣ. ಮೊದಲು ಲೋಲಕ.

ನೀವು ಗಡಿಯಾರದ ಗುಂಡಿಯನ್ನು ಎಷ್ಟು ಸಲ ಒತ್ತಿದಿರಿ? ಶುರುವಿಗೆ ಒಂದು, 50 ಮುಗಿದಾಗ ಒಂದು. ಅಂದರೆ ಆ 1 ಸೆಕೆಂಡ್ ತಪ್ಪು ಪೂರ್ತಿ 90 ಸೆಕೆಂಡಿಗೆ ಸೇರಿದ್ದು. ಅದನ್ನು ತಂದು ಒಂದೇ ಆಂದೋಲನದ ತಲೆಗೆ ಕಟ್ಟಿದ್ದೀರಿ, ಅದಕ್ಕೇ 111. 90ನ್ನು 50ರಿಂದ ಭಾಗಿಸಿದ ಮೇಲೆ ತಪ್ಪನ್ನೂ 50ರಿಂದ ಭಾಗಿಸಬೇಕು. 0.02 ÷ 1.8 ಅಂದರೂ 1 ÷ 90 ಅಂದರೂ ಒಂದೇ, ಶೇ. 1.11. ಎರಡು ಪಟ್ಟು ಮಾಡಿದರೆ 2.22. ಉದ್ದದ ಪಾಲು 0.1 ÷ 80, ಅಂದರೆ ಶೇ. 0.125. ಕೂಡಿದರೆ ಸುಮಾರು 2.3.

ಟಿ ಛೇದದಲ್ಲಿದ್ದರೂ ಅದರ ದೋಷವನ್ನು ಕಳೆಯಬಾರದು, ಕೂಡಬೇಕು. ತಪ್ಪು ಯಾವ ಕಡೆಗೆ ಆಗಿದೆ ಅಂತ ನಮಗೆ ಗೊತ್ತಿಲ್ಲ, ಹಾಗಾಗಿ ಕೆಟ್ಟದ್ದನ್ನೇ ಊಹಿಸಿಕೊಳ್ಳಬೇಕು. ನಂಬಿಕೆ ಬರದಿದ್ದರೆ ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿ. ಉದ್ದ ನಿಜವಾಗಿ 80.1 ಇದ್ದು, ಸಮಯ 89 ಸೆಕೆಂಡೇ ಆಗಿತ್ತು ಅಂದುಕೊಳ್ಳಿ. ಜಿ 9.98 ಬರುತ್ತದೆ. ನಿಮ್ಮ 9.75ಕ್ಕಿಂತ 0.23 ಜಾಸ್ತಿ. ಉದ್ದ ಹೆಚ್ಚಾದರೂ ಜಿ ಏರುತ್ತದೆ, ಸಮಯ ಕಡಿಮೆಯಾದರೂ ಏರುತ್ತದೆ. ಎರಡೂ ಒಂದೇ ಕಡೆಗೆ ಎಳೆದಾಗ ಕಳೆಯುವ ಮಾತೆಲ್ಲಿ?

ಸ್ಕ್ರೂಗೇಜ್:

ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. 2.22 ಎಲ್ಲಿ, 0.125 ಎಲ್ಲಿ. ಈ ಪ್ರಯೋಗದಲ್ಲಿ ದಾರದ ಉದ್ದವನ್ನು ಇನ್ನೂ ಸೂಕ್ಷ್ಮವಾಗಿ ಅಳೆಯಲು ಹೋಗುವುದು ದಂಡ. ನಾನು ಲ್ಯಾಬಿನಲ್ಲಿ ಗುಂಡಿನ ವ್ಯಾಸಕ್ಕೆ ಅರ್ಧ ಗಂಟೆ ಕಳೆದು, ಆಂದೋಲನ ಮಾತ್ರ 10 ಎಣಿಸಿ ಕೈತೊಳೆದುಕೊಂಡ ಗಿರಾಕಿ. 100 ಎಣಿಸಿದರೆ 180 ಸೆಕೆಂಡ್, ಅದೇ ಗಡಿಯಾರದಲ್ಲೇ ಒಟ್ಟು ದೋಷ ಶೇ. 1.2ಕ್ಕೆ ಇಳಿಯುತ್ತದೆ. ‘ಈ ದೋಷ ಕಡಿಮೆ ಮಾಡುವುದು ಹೇಗೆ’ ಅಂತ ಕೇಳಿದರೆ ಬರೆಯಬೇಕಾದದ್ದು ಇದನ್ನೇ.

ಇಳಿಜಾರು:

ಪೆಟ್ಟಿಗೆ ನನಗಿರಲಿ.

ನಿಮ್ಮ ಉತ್ತರ ನಿಜ ಅಂತಲೇ ಇಟ್ಟುಕೊಳ್ಳಿ. ನೀವು 15 ನ್ಯೂಟನ್‌ನಲ್ಲಿ ಮುಂದಕ್ಕೆ ತಳ್ಳುತ್ತಿದ್ದೀರಿ, ನೆಲ 20 ನ್ಯೂಟನ್‌ನಲ್ಲಿ ಹಿಂದಕ್ಕೆ ತಳ್ಳುತ್ತಿದೆ. ಆಗ ಪೆಟ್ಟಿಗೆ ನಿಮ್ಮ ಕಡೆಗೇ ನುಗ್ಗಿ ಬರಬೇಕು! 20 ಅನ್ನುವುದು ಘರ್ಷಣೆಯ ಗರಿಷ್ಠ ಮಿತಿ, ಅದಕ್ಕಿಂತ ಕಡಿಮೆ ತಳ್ಳಿದರೆ ತಳ್ಳಿದಷ್ಟೇ ವಾಪಸ್ ಬರುತ್ತದೆ. 15ಕ್ಕೆ 15, 7ಕ್ಕೆ 7, ತಳ್ಳದಿದ್ದರೆ ಸೊನ್ನೆ. ಹಾಗಾಗಿ ಮೊದಲು ‘ಇದು ಚಲಿಸುತ್ತದಾ’ ಅಂತ ನೋಡಿಕೊಂಡು ಆಮೇಲೆ ಸೂತ್ರಕ್ಕೆ ಕೈ ಹಾಕಿ.

ಮುಂದಿನ ಪ್ರಶ್ನೆ ಸಾಮಾನ್ಯವಾಗಿ 25 ನ್ಯೂಟನ್ ಇರುತ್ತದೆ. 20 ದಾಟಿತು, ಪೆಟ್ಟಿಗೆ ಹೊರಟಿತು, ಈಗ ಚಲನ ಘರ್ಷಣೆ. ಅದರ ಗುಣಾಂಕ 0.3 ಇದ್ದರೆ ಘರ್ಷಣೆ 15, ಉಳಿದ ಬಲ 10, ವೇಗೋತ್ಕರ್ಷ 2.

ನಿಜವಾದ ಬೋನು ಇರುವುದು ಹಗ್ಗ ಕಟ್ಟಿ ಓರೆಯಾಗಿ ಎಳೆದಾಗ. ಅದೇ 25 ನ್ಯೂಟನ್, ಆದರೆ ನೆಲಕ್ಕೆ 30 ಡಿಗ್ರಿ ಮೇಲಕ್ಕೆ. ಮುಂದಕ್ಕೆ ಎಳೆಯುವ ಭಾಗ 21.65ಕ್ಕೆ ಇಳಿಯಿತು, ವೇಗೋತ್ಕರ್ಷವೂ ಇಳಿಯಿತು ಅಂತ ಅರ್ಧ ಕ್ಲಾಸು ಬರೆಯುತ್ತದೆ. ಆದರೆ ಹಗ್ಗ ಪೆಟ್ಟಿಗೆಯನ್ನು 12.5ರಷ್ಟು ಮೇಲಕ್ಕೂ ಎತ್ತುತ್ತಿದೆ. ನೆಲದ ಮೇಲಿನ ಒತ್ತು 50 ಅಲ್ಲ, 37.5. ಘರ್ಷಣೆ 11.25 ಮಾತ್ರ. ಉಳಿದದ್ದು 10.4, ವೇಗೋತ್ಕರ್ಷ 2.08. ನೇರ ತಳ್ಳಿದ್ದಕ್ಕಿಂತ ಒಂಚೂರು ಜಾಸ್ತಿಯೇ! ಚಿತ್ರ ಬರೆದು ಬಾಣ ಹಾಕದೆ ಇದನ್ನು ಮನಸ್ಸಿನಲ್ಲೇ ಮಾಡಲು ಹೋದರೆ ನಾನೂ ತಪ್ಪುತ್ತೇನೆ.

ಕೊನೆಬೆಂಚು:

ಪೆಟ್ಟಿಗೆ ನನ್ನ ಮೇಲೇ ನುಗ್ಗಿ ಬರುವುದನ್ನು ನೆನೆದು ನಗು ಬಂತು, ಇನ್ನು ಮರೆಯಲ್ಲ. ಲೋಲಕ ಮತ್ತೆ ಮಾಡಿದೆ, ಜಿ = 9.748 ± 0.229. ಈಗ ಸರಿನಾ ಸರ್?

ಸೀಮೆಸುಣ್ಣ:

ಲೆಕ್ಕ ಸರಿ, ಬರೆದದ್ದು ಸರಿ ಇಲ್ಲ. ಮೊದಲ ದಶಾಂಶದಲ್ಲೇ 2ರಷ್ಟು ಅನುಮಾನ ಇರುವಾಗ ಮೂರನೇ ಸ್ಥಾನದ 8ಕ್ಕೆ ಏನು ಬೆಲೆ? 9.7 ± 0.2 ಅಂತ ಬರೆಯಿರಿ, ಪಕ್ಕದಲ್ಲಿ ಏಕಮಾನ ಹಾಕಿ. ಎರಡು ಸಲ ಬರೆದಿರಿ, ಎರಡು ಸಲವೂ ಹಾಕಿಲ್ಲ.